ಪರದೆಯ ಅಂಚಿನ ಸೀಸ

ಜನವರಿ ೯

ಸೌಟು ಹಿಡಿದು ಸಮುದ್ರ ಸುತ್ತುವ ನನ್ನ ತಮ್ಮನಿಗೆ,

ಇಲ್ಲಿ ಎಲ್ಲ ಕ್ಷೇಮ. ನಿನ್ನ ಕಾಗದ ತಲುಪಿತು. ಹಡಗಿನ ಅಡುಗೆಮನೆಯಲ್ಲೇ ಕೂತು ಬರೆದಿದ್ದೀಯ ಎಂದು ಓದುವ ಮೊದಲೇ ಗೊತ್ತಾಯಿತು. ಲಕೋಟೆ ಒಡೆದ ಕೂಡಲೇ ಈರುಳ್ಳಿ ವಾಸನೆ. ಎರಡನೆಯ ಪುಟದಲ್ಲಿ "ಕ್ಯಾಪ್ಟನ್ನರು ನನ್ನ ಸೂಪಿನ ಬಗ್ಗೆ" ಎಂದು ಶುರುವಾದ ವಾಕ್ಯ ಎಣ್ಣೆಯ ಕಲೆಯಲ್ಲಿ ಮುಳುಗಿಹೋಗಿದೆ. ಹೊಗಳಿದ್ದರೆ ನೀನು ಆ ಪುಟವನ್ನು ಜೋಪಾನ ಮಾಡುತ್ತಿದ್ದೆ. ಬೈದಿರಬೇಕು.

ನನ್ನ ಕಡೆಯ ದೊಡ್ಡ ಸುದ್ದಿ ಎಂದರೆ ನಾಟಕಶಾಲೆಯ ಪರದೆ. ರಿಪೇರಿಗೆಂದು ಮುಚ್ಚಿದ್ದ ನಮ್ಮ ಹಳೆಯ ನಾಟಕಶಾಲೆ ಮೇ ತಿಂಗಳಲ್ಲಿ ಮತ್ತೆ ತೆರೆಯುತ್ತದಂತೆ. ಮುಂದಿನ ದೊಡ್ಡ ಪರದೆಯನ್ನು ನನಗೆ ಒಪ್ಪಿಸಿದ್ದಾರೆ. ಕಡುಗೆಂಪು ಮಖಮಲ್ಲು. ಬಟ್ಟೆಯ ಸುರುಳಿಗಳನ್ನು ತಂದು ಇಳಿಸಿದ ಮೇಲೆ ನನ್ನ ಕೋಣೆಯಲ್ಲಿ ನನಗೇ ಜಾಗವಿಲ್ಲ. ಕತ್ತರಿಸುವ ಮೇಜಿನ ಮೂಲೆಯಲ್ಲೇ ಊಟ, ಅದರ ಕೆಳಗೇ ಚಪ್ಪಲಿ. ಕೆಳಗಿನ ಬೇಕರಿಯ ಬನ್ನಮ್ಮ ಮೆಟ್ಟಿಲು ಹತ್ತಿ ಬಂದು ನೋಡಿ, "ಇಷ್ಟು ಕೆಂಪು ಒಟ್ಟಿಗೆ ನೋಡಿದ್ರೆ ನನಗೆ ಹಸಿವಾಗುತ್ತೆ ಕಣಮ್ಮ" ಎಂದು ಹೇಳಿ ಹೋದರು. ಅವರಿಗೆ ಯಾವ ಬಣ್ಣ ನೋಡಿದರೂ ಹಸಿವೇ.

ಅಂಚಿಗೆ ಹಾಕುವ ಸೀಸದ ಬಿಲ್ಲೆಗಳ ಡಬ್ಬಿಯನ್ನೂ ಕೆಳಗಿಳಿಸಿದೆ. ಅವು ಇಲ್ಲದಿದ್ದರೆ ಪರದೆ ನೆಟ್ಟಗೆ ಇಳಿಬೀಳುವುದಿಲ್ಲ, ಸ್ವಲ್ಪ ಗಾಳಿ ಆಡಿದರೂ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತದೆ. ಡಬ್ಬಿ ಅರ್ಧ ಖಾಲಿ ಇತ್ತು. ಚಿಕ್ಕವನಿದ್ದಾಗ ಬಿಲ್ಲೆ ಕದ್ದು ಗಾಳಕ್ಕೆ ಕಟ್ಟುತ್ತಿದ್ದ ಕಳ್ಳ ಯಾರೆಂದು ನನಗೆ ಗೊತ್ತು.

ಪರದೆ ಏರಿಸುವ ದಿನ ನಾನೇ ಏಣಿ ಹತ್ತಿ ಕಟ್ಟಬೇಕು. ಅಮ್ಮ ಹೊಲಿದ ಪರದೆಯನ್ನು ಬೇರೆಯವರು ಕಟ್ಟಿದ್ದಿಲ್ಲ, ನಾನು ಹೊಲಿದದ್ದನ್ನೂ ಇಲ್ಲಿಯವರೆಗೆ ಬೇರೆಯವರು ಕಟ್ಟಿಲ್ಲ.

ಉಳಿದಂತೆ ವಿಶೇಷವೇನೂ ಇಲ್ಲ. ಕೋಟಿನ ಬಲತೋಳು ಬಿಗಿಯಾಯಿತೆಂದು ಹೊಲಿಗೆ ಬಿಚ್ಚಿ ಒಂದು ಪಟ್ಟಿ ಸೇರಿಸಿಕೊಂಡೆ. ವಯಸ್ಸಾಯಿತಲ್ಲ, ದಪ್ಪಗಾಗುತ್ತಿದ್ದೇನೆ. ಬೀದಿಯ ದೀಪದ ಕಂಬಕ್ಕೆ ಭುಜ ತಗುಲಿಸಿಕೊಂಡೆ, ಅದೂ ಎರಡು ಸಲ. ಕಂಬವನ್ನು ಸರಿಸಿದ್ದಾರೋ ಏನೋ.

ಒಂದು ಸಂದೇಹ. ಹಡಗು ಒಂದು ಕಡೆ ವಾಲಿದರೆ ನೀವು ಏನು ಮಾಡುತ್ತೀರಿ? ಬನ್ನಮ್ಮನಿಗೆ ತಿಳಿಯಬೇಕಂತೆ.

ನಿನ್ನ ಅಕ್ಕ


ಫೆಬ್ರವರಿ ೩

ಅಕ್ಕಾ,

ನೀನು "ಇಲ್ಲಿ ಎಲ್ಲ ಕ್ಷೇಮ" ಎಂದು ಬರೆದಾಗಲೆಲ್ಲ ನನಗೆ ಪುಕಪುಕ ಎನ್ನುತ್ತದೆ. ಎರಡು ವರ್ಷದ ಹಿಂದಿನ ಕಾಗದವೂ ಹಾಗೆಯೇ ಶುರುವಾಗಿತ್ತು. ಬೆಕ್ಕು ಮರಿ ಹಾಕಿದ್ದು, ಕಿಟಕಿಗೆ ಬಣ್ಣ ಬಳಿಸಿದ್ದು ಎಲ್ಲ ಮುಗಿದ ಮೇಲೆ ಕೆಳಗಿನ ನಾಲ್ಕು ಸಾಲಿನಲ್ಲಿ, ಎದೆಯಲ್ಲಿ ಸಿಕ್ಕ ಗಂಟು ಕ್ಯಾನ್ಸರ್ ಆಗಿತ್ತು, ಬಲಗಡೆಯದನ್ನು ತೆಗೆದದ್ದಾಯಿತು, ಹೊಲಿಗೆ ಬಿಚ್ಚಿದ್ದೂ ಆಯಿತು, ಔಷಧಿ ನಡೆಯುತ್ತಿದೆ, ನೀನು ಚಳಿಗೆ ಬೆಚ್ಚಗಿರು ಎಂದು ಇತ್ತು. ಆ ಕಾಗದ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಆದ್ದರಿಂದ ಇನ್ನು ಮೇಲೆ ಆ ಸಾಲನ್ನು ಬರೆಯಬೇಡ. ಫೋನಿನಲ್ಲಂತೂ ನೀನು "ಚೆನ್ನಾಗಿದೀನಿ ಕಣೋ, ಇಡ್ತೀನಿ" ಎನ್ನುವುದು ಬಿಟ್ಟು ಬೇರೇನೂ ಹೇಳುವವಳಲ್ಲ. ಕಾಗದದಲ್ಲಾದರೂ ಬಾಯಿ ಬಿಡು.

ಬನ್ನಮ್ಮನ ಪ್ರಶ್ನೆಗೆ ಉತ್ತರ: ಬಲು ಸುಲಭ. ಹಡಗು ಬಲಕ್ಕೆ ವಾಲಿದರೆ ಎಡಕ್ಕೆ ಭಾರ ಹಾಕುವುದು. ಹಡಗಿನ ಹೊಟ್ಟೆಯೊಳಗೆ ಎರಡೂ ಬದಿಗೆ ತೊಟ್ಟಿಗಳಿವೆ. ಇಂತಿಷ್ಟು ನೀರು ತುಂಬಿಸಿದರೆ ಸಾಕು, ಮಗುವಿನ ಹಾಗೆ ಎದ್ದು ಕೂರುತ್ತದೆ. ನಾನೇ ಕಣ್ಣಾರೆ ನೋಡಿದ್ದೇನೆ. ಅಂದರೆ, ಒಲೆಯ ಮೇಲಿನ ಸೂಪು ಪಾತ್ರೆಯ ಒಂದು ಅಂಚಿನಿಂದ ನಡುವಿಗೆ ಬಂದದ್ದನ್ನು ನೋಡಿದ್ದೇನೆ. ಇಷ್ಟು ವರ್ಷ ಹಡಗಿನಲ್ಲಿದ್ದವನಿಗೆ ಇದೆಲ್ಲ ಎಡಗೈ ಆಟ.

ನನಗೆ ವಾಲುವುದು ಸಮಸ್ಯೆಯಲ್ಲ, ವಾಲದಿರುವುದೇ ಸಮಸ್ಯೆ. ಹೋದ ಸಲ ಊರಿಗೆ ಬಂದಾಗ ನೆನಪಿದೆಯಾ? ತಿಂಗಳುಗಟ್ಟಲೆ ನೀರಿನ ಮೇಲಿದ್ದು ನೆಲಕ್ಕೆ ಕಾಲಿಟ್ಟರೆ ನೆಲವೇ ತೂಗುತ್ತದೆ. ಬಂದರಿನಿಂದ ಮನೆಯವರೆಗೆ ಗೋಡೆ ಹಿಡಿದು ಬಂದೆ. ಪೊಲೀಸಿನವರು ನಿಲ್ಲಿಸಿ ಬಾಯಿ ಮೂಸಿ ನೋಡಿದರು. ನನ್ನ ಬಾಯಿಂದಲೂ ಈರುಳ್ಳಿಯೇ ಬಂದಿರಬೇಕು, ಬಿಟ್ಟು ಕಳಿಸಿದರು.

ಇನ್ನೊಂದು ಮಾತು. ದಪ್ಪಗಾಗುವವರು ಎರಡೂ ಕಡೆ ದಪ್ಪಗಾಗುತ್ತಾರೆ ಅಕ್ಕಾ. ಒಂದೇ ತೋಳಿಗೆ ಪಟ್ಟಿ ಯಾಕೆ?

ನಿನ್ನ ತಮ್ಮ


ಮಾರ್ಚ್ ೧

ತಮ್ಮಾ,

ನೀನು ಅಡುಗೆಯವನಾಗುವ ಬದಲು ಪತ್ತೇದಾರನಾಗಬೇಕಿತ್ತು. ಸರಿ, ಬಾಯಿ ಬಿಡುತ್ತೇನೆ.

ಬಲತೋಳು ಊದಿಕೊಂಡಿದೆ. ಮೊದಲು ಬೆರಳ ಹತ್ತಿರ, ಆಮೇಲೆ ಮಣಿಕಟ್ಟು, ಈಗ ಭುಜದವರೆಗೆ. ನೋವು ಅಷ್ಟಾಗಿ ಇಲ್ಲ, ಭಾರ. ಒದ್ದೆ ಮಖಮಲ್ಲನ್ನು ಹೆಗಲಿಗೆ ಹಾಕಿಕೊಂಡು ಓಡಾಡಿದ ಹಾಗೆ. ನಿಂತಾಗ ನನಗೆ ಗೊತ್ತಿಲ್ಲದೆ ಬಲಕ್ಕೆ ಜಗ್ಗುತ್ತೇನೆ. ಕಂಬವನ್ನು ಯಾರೂ ಸರಿಸಿರಲಿಲ್ಲ, ಸರಿದವಳು ನಾನು. ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲು ಯಾವುದೆಂದು ಪಾದಕ್ಕೆ ತಿಳಿಯುವುದಿಲ್ಲ. ಆಪರೇಷನ್ ಆದ ಮೇಲೆ ಕೊಟ್ಟ ಔಷಧಿಯಿಂದ ಪಾದದ ಅಡಿ ಜೋಮು ಹಿಡಿದದ್ದು ಪೂರ್ತಿ ಹೋಗಿಲ್ಲ. ಯಾರಿಗೂ ಹೇಳಿಲ್ಲ. ನಾಟಕಶಾಲೆಯ ಮ್ಯಾನೇಜರಿಗೆ ಗೊತ್ತಾದರೆ ಪರದೆ ಏರಿಸುವ ಕೆಲಸ ನನ್ನ ಕೈ ತಪ್ಪುತ್ತದೆ. ಹೊಲಿಗೆಗೆ ಒಬ್ಬರು, ಕಟ್ಟುವುದಕ್ಕೆ ಒಬ್ಬರು ಎಂದು ಒಮ್ಮೆ ಶುರುವಾದರೆ ಆಮೇಲೆ ಹೊಲಿಗೆಗೂ ಬೇರೆಯವರೇ ಬರುತ್ತಾರೆ. ನನಗೆ ಇರುವುದು ಈ ಒಂದು ಕಸುಬು.

ಆದರೆ ಈಗ ಯೋಚನೆಯಿಲ್ಲ. ನಿನ್ನ ಉತ್ತರ ಬಂದ ದಿನವೇ ಉಪಾಯ ಹೊಳೆಯಿತು. ಬಲಕ್ಕೆ ವಾಲಿದರೆ ಎಡಕ್ಕೆ ಭಾರ! ಪರದೆ ನೆಟ್ಟಗೆ ನಿಲ್ಲಿಸುವ ವಿದ್ಯೆ ಗೊತ್ತಿದ್ದೂ ನನ್ನನ್ನು ನಿಲ್ಲಿಸಿಕೊಳ್ಳುವುದು ಗೊತ್ತಾಗಲಿಲ್ಲವಲ್ಲ ಎಂದು ನಗು ಬಂತು. ಕೋಟಿನ ಎಡಗಡೆಯ ಅಸ್ತರಿಯೊಳಗೆ ಸೊಂಟದಿಂದ ಅಂಚಿನವರೆಗೆ ಸೀಸದ ಬಿಲ್ಲೆಗಳನ್ನು ಸಾಲಾಗಿ ಹೊಲಿದುಕೊಂಡೆ. ಹಾಕಿಕೊಂಡು ಕನ್ನಡಿಯೆದುರು ನಿಂತರೆ ಎರಡೂ ಭುಜ ಸಮ. ಬನ್ನಮ್ಮ ನೋಡಿ, "ಏನಮ್ಮ, ಇವತ್ತು ಮಿಲಿಟರಿಯವರ ಥರ ನಡೀತಿದೀರಲ್ಲ" ಎಂದರು. ಈಗ ಮನೆಯೊಳಗೂ ಕೋಟು ಬಿಚ್ಚುವುದಿಲ್ಲ. ಸೆಖೆಯಾಗುತ್ತದೆ, ಆಗಲಿ.

ನೀನು ಕೇಳಬೇಕೆಂದಿದ್ದು, ಕೇಳದೆ ಬಿಟ್ಟದ್ದು ನನಗೆ ಗೊತ್ತು. ಅದರ ಉತ್ತರ ನನಗೂ ಗೊತ್ತಿಲ್ಲ ತಮ್ಮಾ. ಡಾಕ್ಟರಿಗೆ ತೋರಿಸಿಲ್ಲ. ಪರದೆ ಮುಗಿಯಲಿ.

ಪರದೆಯ ಮೂರು ಭಾಗ ಹೊಲಿದಾಯಿತು. ಬಣ್ಣ ಸಂಜೆಯ ಬೆಳಕಿಗೆ ಬಹಳ ಚೆನ್ನಾಗಿ ಕಾಣುತ್ತದೆ.

ಅಕ್ಕ


ಮಾರ್ಚ್ ೧೯

ಅಕ್ಕಾ,

ಕೋಟು ಬಿಚ್ಚು. ಉಳಿದದ್ದನ್ನು ಆಮೇಲೆ ಓದು.

ನಿನ್ನ ಕಾಗದ ಓದಿ ಸೌಟನ್ನು ಕೈಯಲ್ಲೇ ಹಿಡಿದುಕೊಂಡು ಮೇಲಕ್ಕೆ ಓಡಿದೆ. ಹಡಗಿನ ತೂಕದ ಲೆಕ್ಕ ನೋಡಿಕೊಳ್ಳುವ ದೊಡ್ಡ ಅಧಿಕಾರಿ ನಕಾಶೆ ಹರಡಿಕೊಂಡು ಕೂತಿದ್ದರು.

"ಸಾರ್, ಬಲಕ್ಕೆ ವಾಲಿದ್ರೆ ಎಡಕ್ಕೆ ಭಾರ ಹಾಕೋದು ಸರಿ ತಾನೆ?" ಎಂದೆ.

"ಯಾವ ಹಡಗು?"

"ಹಡಗಲ್ಲ ಸಾರ್, ನಮ್ಮಕ್ಕ."

ಅವರು ಕನ್ನಡಕ ತೆಗೆದಿಟ್ಟರು. ಎಲ್ಲ ಹೇಳಿದೆ. ಅವರು ನಗಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು. "ಅಡುಗೆಯವರೇ, ವಾಲಿದ ಕೂಡಲೇ ಭಾರ ಹಾಕೋದಲ್ಲ. ಯಾಕೆ ವಾಲಿತು ಅಂತ ಮೊದಲು ಹುಡುಕಬೇಕು. ಒಳಗೆ ಎಲ್ಲೋ ನೀರು ಸೇರಿ ಅತ್ತಿತ್ತ ಆಡ್ತಾ ಇದ್ದಾಗ ಎತ್ತರದ ಕಡೆ ಭಾರ ಹಾಕಿದ್ರೋ, ಹಡಗು ಎದ್ದು ನಿಲ್ಲಲ್ಲ. ಒಂದೇ ಏಟಿಗೆ ಆಚೆ ಬದಿಗೆ ಹೊರಳುತ್ತೆ, ಮೊದಲಿಗಿಂತ ಜೋರಾಗಿ" ಎಂದರು. ಆಮೇಲೆ ಒಂದು ಲೋಟಕ್ಕೆ ನೀರು ಹಾಕಿ ವಾಲಿಸಿ ತೋರಿಸಿದರು. ಅವರ ನಕಾಶೆ ಒದ್ದೆಯಾಯಿತು.

ಅಡುಗೆಯವನ ಮಾತು ಕೇಳಿ ಯಾರಾದರೂ ಹಡಗು ನಡೆಸುತ್ತಾರಾ ಅಕ್ಕಾ? ನಾನು ಜಂಬ ಕೊಚ್ಚಿಕೊಂಡೆ, ನೀನು ನಂಬಿದೆ. ನಿನ್ನ ಮೇಲೆ ಕೋಪ ಬರುತ್ತಿದೆ, ಅದಕ್ಕಿಂತ ಹೆಚ್ಚು ನನ್ನ ಮೇಲೆ. ನನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ಇಡೀ ಬೀದಿ ಸುತ್ತಿದವಳು ನೀನು. ನಿನ್ನ ಕೈ ಹಿಡಿದುಕೊಂಡವರನ್ನೆಲ್ಲ ನೋಡಿದ್ದೇನೆ, ನೀನು ಯಾರ ಕೈಯನ್ನಾದರೂ ಹಿಡಿದುಕೊಂಡದ್ದನ್ನು ನೋಡಿಲ್ಲ.

ಡಾಕ್ಟರ ಹತ್ತಿರ ಹೋಗು. ನಾಳೆಯಲ್ಲ, ಈ ಕಾಗದ ಮಡಿಚಿಟ್ಟ ಕೂಡಲೇ. ಮತ್ತೆ ಅದೇ ಬಂದಿದೆಯಾ ಎಂದು ಕೇಳು. ನೋಡು, ಕೇಳಿಬಿಟ್ಟೆ. ಇನ್ನು ಏನೇ ಇದ್ದರೂ ಆದ ಮೇಲೆ ಹೇಳಬೇಡ, ಮೊದಲು ಹೇಳು. ಇದೊಂದು ನನಗಾಗಿ ಮಾಡು.

ತಮ್ಮ


ಮಾರ್ಚ್ ೩೦

ತಮ್ಮಾ,

ನಿನ್ನ ಕಾಗದ ಬಂದಾಗ ಕೋಟು ಆಗಲೇ ಬಿಚ್ಚಿದ್ದಾಗಿತ್ತು. ನಾನು ಬಿಚ್ಚಿದ್ದಲ್ಲ, ಆಸ್ಪತ್ರೆಯವರು ಬಿಚ್ಚಿದ್ದು.

ಗಾಬರಿ ಬೇಡ. ಮೂಳೆ ಮುರಿದಿಲ್ಲ, ಎಡಸೊಂಟ ಮಾತ್ರ ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ಮೇಜಿನ ಆಚೆ ತುದಿಯಲ್ಲಿದ್ದ ಕತ್ತರಿಗೆ ಕೈ ಚಾಚಿ ತಿರುಗಿದೆ, ಅಷ್ಟೇ. ಕೋಟಿನ ಭಾರ ನನಗಿಂತ ಮುಂಚೆ ತಿರುಗಿತು. ಅದರ ಹಿಂದೆ ನಾನು ಹೋದೆ. ನಿನ್ನ ಅಧಿಕಾರಿ ಲೋಟದಲ್ಲಿ ತೋರಿಸಿದ್ದನ್ನು ನಾನು ನೆಲದ ಮೇಲೆ ಮಾಡಿ ತೋರಿಸಿದೆ ಎಂದು ಅವರಿಗೆ ಹೇಳು. ಮಖಮಲ್ಲಿನ ಸುರುಳಿಯ ಮೇಲೆ ಬಿದ್ದದ್ದರಿಂದ ತಲೆ ಉಳಿಯಿತು. ಸದ್ದು ಕೇಳಿ ಬನ್ನಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದರು. ಎತ್ತಲು ಹೋಗಿ, "ಅಯ್ಯೋ ದೇವರೇ, ಇದೇನು ಇಷ್ಟು ಭಾರ ಇದೀರ, ಕಲ್ಲು ತಿಂತೀರಾ?" ಎಂದು ಕೂಗಿದರು. ಮಖಮಲ್ಲಿನ ಮೇಲೆ ಅವರ ಹತ್ತು ಬೆರಳೂ ಬಿಳಿಯಾಗಿ ಮೂಡಿದ್ದವು. ಬ್ರಷ್ಷಿನಿಂದ ಉಜ್ಜಿ ಉಜ್ಜಿ ತೆಗೆದೆ.

ನೀನು ಕೇಳಿದ ಪ್ರಶ್ನೆಗೆ ಉತ್ತರ: ಮತ್ತೆ ಬಂದಿಲ್ಲ. ಎಲ್ಲ ಪರೀಕ್ಷೆಯೂ ಮಾಡಿದರು. ಎರಡು ಸಲ ಕೇಳಿಕೊಂಡೆ, ಎರಡು ಸಲವೂ ಇಲ್ಲ ಎಂದರು. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತು ಚೆನ್ನಾಗಿ ಅತ್ತೆ. ಎರಡು ವರ್ಷದಿಂದ ಅಳಬೇಕಾಗಿದ್ದದ್ದು ಅದು.

ಈಗ ನನ್ನನ್ನು ಒಬ್ಬ ಹೆಂಗಸಿನ ಕೈಗೆ ಒಪ್ಪಿಸಿದ್ದಾರೆ. ವ್ಯಾಯಾಮ ಮಾಡಿಸುವವರು, ಕೈಗೆ ಪಟ್ಟಿ ಸುತ್ತುವವರು. ನಾನು ಅವರನ್ನು ಪಟ್ಟಿ ಡಾಕ್ಟರು ಎನ್ನುತ್ತೇನೆ. ಆಪರೇಷನ್ನಿನಲ್ಲಿ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು, ತೋಳಿನ ನೀರು ವಾಪಸು ಹರಿಯುವ ದಾರಿ ಅಲ್ಲಿತ್ತಂತೆ. ದಾರಿ ಮುಚ್ಚಿ ನೀರು ತೋಳಿನಲ್ಲೇ ನಿಂತಿದೆ. ಒಂದು ಕೈ ಭಾರವಾದರೆ ಭುಜ ಜಗ್ಗುತ್ತದೆ, ಬೆನ್ನು ಸೊಟ್ಟಗಾಗುತ್ತದೆ, ನಡೆಯುವಾಗ ಆ ಕೈ ಬೀಸುವುದನ್ನೇ ಬಿಟ್ಟುಬಿಡುತ್ತದೆ. ಜೊತೆಗೆ ಪಾದದ ಜೋಮು ಬೇರೆ. ಸಮತೋಲ ತಪ್ಪಿದ್ದು ಹಾಗೆ. ಇದು ತೀರಾ ವಾಸಿಯಾಗುವುದಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳುವುದು ಎಂದು ಮುಲಾಜಿಲ್ಲದೆ ಹೇಳಿದರು.

ಮೇಜಿನ ಮೇಲೆ ನನ್ನ ಕೋಟನ್ನು ಎತ್ತಿ ಎತ್ತಿ ನೋಡುತ್ತಾ, "ಇದಕ್ಕೆ ಸೀಸ ಹೊಲಿಯೋಕೆ ಯಾರು ಹೇಳಿದ್ದು?" ಎಂದರು.

"ನನ್ನ ತಮ್ಮ. ಹಡಗಿನಲ್ಲಿದ್ದಾನೆ."

"ಕ್ಯಾಪ್ಟನ್ನಾ?"

"ಅಡುಗೆಯವನು."

ಆಕೆ ಪೆನ್ನು ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಲ್ಲಿಂದ ನಮ್ಮಿಬ್ಬರಿಗೂ ಸರಿಹೋಯಿತು. ತೋಳಿನ ಅಳತೆ ತೆಗೆಯುವಾಗ ನಾನು, "ಟೇಪು ಸಡಿಲ ಹಿಡಿದಿದ್ದೀರಿ" ಎಂದೆ. "ಇದು ಪರದೆಯಲ್ಲಮ್ಮ, ಚರ್ಮ. ಹೀಗೇ ಹಿಡಿಯೋದು" ಎಂದು ಗದರಿದರು. ಆ ಕೈಗೆ ಗಾಯವಾಗಬಾರದು, ನಂಜಾದರೆ ಕಷ್ಟ ಎಂದು ಹೇಳಿ, "ಹೊಲಿಯುವಾಗ ಸೂಜಿ ಯಾವ ಕೈಗೆ ಚುಚ್ಚುತ್ತೆ?" ಎಂದು ಕೇಳಿದರು. ಎಡಗೈಗೆ ಎಂದೆ. ಸದ್ಯ, ಹೊಲಿಗೆ ಉಳಿಯಿತು.

ಏಣಿ ಮಾತ್ರ ಬೇಡವೇ ಬೇಡ ಎಂದಿದ್ದಾರೆ. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಅಕ್ಕ


ಏಪ್ರಿಲ್ ೧೬

ಅಕ್ಕಾ,

ನಿನ್ನ ಕಾಗದವನ್ನು ದೊಡ್ಡ ಅಧಿಕಾರಿಗೂ ಓದಿಸಿದೆ. ಬದನೆಕಾಯಿ ಬಣ್ಣ ಎನ್ನುವಲ್ಲಿಗೆ ಬಂದಾಗ ಅವರು "ಪಾಪ" ಎಂದು ಮೂರು ಸಲ ಹೇಳಿದರು. ಆ ದಿನ ಅವರಿಗೆ ಎರಡು ಮೊಟ್ಟೆ ಹೆಚ್ಚಿಗೆ ಹಾಕಿದೆ.

ಮತ್ತೆ ಬಂದಿಲ್ಲ ಎಂಬ ಸಾಲನ್ನು ನಾನು ಎಷ್ಟು ಸಲ ಓದಿದೆ ಎಂದು ಕೇಳಬೇಡ.

ಪಟ್ಟಿ ಡಾಕ್ಟರು ಏನೇನು ಮಾಡಿಸುತ್ತಾರೆ, ಬರಿ. ಮೇಜು ಹಿಡಿದು ಒಂದು ಕಾಲಿನ ಮೇಲೆ ನಿಲ್ಲಿಸುತ್ತಾರೆ ಎಂದು ಬನ್ನಮ್ಮ ತಮ್ಮ ಕಾರ್ಡಿನಲ್ಲಿ ಬರೆದಿದ್ದರು. ಹೌದು, ಅವರೂ ನನಗೆ ಬರೆಯುತ್ತಾರೆ, ಕೋಪ ಮಾಡಿಕೊಳ್ಳಬೇಡ. ನೀನು ಹೇಳದೆ ಬಿಟ್ಟದ್ದನ್ನು ಯಾರಾದರೂ ಹೇಳಬೇಕಲ್ಲ. ನಾನೂ ಈಗ ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅಡುಗೆಮನೆಯ ಕಂಬಿ ಹಿಡಿದು ಒಂದು ಕಾಲಿನ ಮೇಲೆ ನಿಲ್ಲುತ್ತೇನೆ. ಹಡಗು ತೂಗುವಾಗ ಅದು ಸಾಮಾನ್ಯ ಕೆಲಸವಲ್ಲ. ಮೊದಲ ದಿನ ಆಲೂಗಡ್ಡೆ ಮೂಟೆಯ ಮೇಲೆ ಬಿದ್ದೆ. ನನ್ನ ಕೂಗು ಕೇಳಿ ಬಂದವರೆಲ್ಲ ಈಗ ದಿನಾ ಬಾಗಿಲಲ್ಲಿ ನಿಂತು ನಗುತ್ತಾರೆ. ಎಂಜಿನ್ನಿನ ಕೋಣೆಯ ಮೇಸ್ತ್ರಿ, "ಕೊಕ್ಕರೆ ಭಾಯಿ, ತಿಂಡಿ ಯಾವಾಗ?" ಎಂದು ಕೇಳುತ್ತಾನೆ. ಹೆಸರು ಅಂಟಿಕೊಂಡಿದೆ.

ಏಣಿಯ ವಿಷಯ. ನಾನು ಬೇಡ ಎಂದರೆ ನೀನು ಬೇಕೆಂದೇ ಹತ್ತುತ್ತೀಯ, ಅದು ನನಗೆ ಗೊತ್ತಿದೆ. ಬೇಡ ಎನ್ನುವುದಿಲ್ಲ. ಅಮ್ಮ ಕೊನೆಯ ಪರದೆ ಕಟ್ಟಿದ ದಿನ ಏಣಿಯ ಕೆಳಗೆ ನೀನು ನಿಂತಿದ್ದೆ, ನಿನ್ನ ಲಂಗ ಹಿಡಿದುಕೊಂಡು ನಾನು ನಿಂತಿದ್ದೆ. ಅಮ್ಮ ಕೆಳಗಿಳಿದು ಬರುವವರೆಗೂ ನೀನು ಉಸಿರು ಬಿಟ್ಟಿರಲಿಲ್ಲ. ನನಗೆ ಅದು ನೆನಪಿದೆ ಎಂದು ಹೇಳಿದೆ ಅಷ್ಟೇ.

ಹಡಗು ಜೂನ್ ಮೊದಲ ವಾರ ನಮ್ಮ ಬಂದರಿಗೆ ಬರುತ್ತದೆ. ರಜೆ ಸಿಕ್ಕಿದೆ.

ತಮ್ಮ


ಮೇ ೧೦

ತಮ್ಮಾ,

ನೀನು ಕೇಳಿದ್ದೆಯಲ್ಲ, ಆದ ಮೇಲೆ ಹೇಳಬೇಡ, ಮೊದಲು ಹೇಳು ಎಂದು. ಹೇಳುತ್ತಿದ್ದೇನೆ. ನಾಳೆ ಬೆಳಿಗ್ಗೆ ಪರದೆ ಏರಿಸುವುದು.

ಇವತ್ತು ಮಧ್ಯಾಹ್ನ ಹಗ್ಗ, ಪರದೆ ಎಲ್ಲ ಗಾಡಿಯಲ್ಲಿ ಹೋಯಿತು. ಅದರ ಬೆನ್ನ ಹಿಂದೆಯೇ ನಾನೂ ಹೋಗಿ ಏಣಿ ನೋಡಿಕೊಂಡು ಬಂದೆ. ಹಳೆಯ ಕಬ್ಬಿಣದ ಏಣಿಯೇ, ಹೊಸ ಬಣ್ಣ ಬಳಿದಿದ್ದಾರೆ. ರಂಗದ ಬಡಗಿಯಣ್ಣ ಅದರ ಕಾಲಿಗೆ ರಬ್ಬರು ಕಟ್ಟುತ್ತಿದ್ದರು. ನನ್ನ ತೋಳಿನ ಬಿಗಿ ಚೀಲದಂಥ ಪಟ್ಟಿಯನ್ನು ನೋಡಿದರು. "ಇನ್ನೊಂದು ಸುತ್ತು ರಬ್ಬರು ಹಾಕ್ತೀನಿ ಬಿಡಿ" ಎಂದಷ್ಟೇ ಅಂದರು. ಮ್ಯಾನೇಜರು ಮಾತ್ರ ಏಣಿಯನ್ನೂ ನನ್ನನ್ನೂ ಸರದಿಯ ಮೇಲೆ ನೋಡುತ್ತಿದ್ದರು.

ಕೈ ಎಷ್ಟೋ ಇಳಿದಿದೆ. ಮೇಜು ಹಿಡಿಯದೆ ಒಂದು ಕಾಲಿನ ಮೇಲೆ ನಿಲ್ಲುತ್ತೇನೆ. ಕಣ್ಣು ಮುಚ್ಚಿದರೆ ಮಾತ್ರ ತೂಗಾಡುತ್ತೇನೆ. ಪಟ್ಟಿ ಡಾಕ್ಟರನ್ನು ಏಣಿಯ ಬಗ್ಗೆ ಮತ್ತೆ ಕೇಳಿದೆ. "ನೆಲದ ಮೇಲೆ ನಿಂತಿದ್ದಕ್ಕೆ ಏಣಿ ಹತ್ತೋ ಆಸೆ ಬಂತಾ? ನಿಮ್ಮ ಬಲಗೈ ಮೇಲೆತ್ತಿ ಕಂಬಿ ಹಿಡ್ಕೊಂಡು ನಿಲ್ಲಿ ನೋಡೋಣ" ಎಂದರು. ನಿಂತೆ. ಸ್ವಲ್ಪ ಹೊತ್ತಿಗೆ ಕೈ ತಾನಾಗಿ ಇಳಿದುಬಂತು. ಅವರು ಬೇರೆ ಕಡೆ ನೋಡಿದರು.

ಹತ್ತುವುದೋ ಬಿಡುವುದೋ ನನಗೆ ಇನ್ನೂ ಗೊತ್ತಿಲ್ಲ. ಬಿಟ್ಟರೆ ಏನು ಕಳೆದುಕೊಳ್ಳುತ್ತೇನೆ ಎಂದು ಗೊತ್ತು. ಹತ್ತಿದರೆ ಏನು ಕಳೆದುಕೊಳ್ಳಬಹುದು ಎಂಬುದೂ ಗೊತ್ತು. ಹೆದರಿಕೆಯಾಗುತ್ತಿದೆ ಕಣೋ. ಇದನ್ನು ಬರೆಯುವುದಕ್ಕೇ ನನಗೆ ಅರ್ಧ ಗಂಟೆ ಹಿಡಿಯಿತು.

ಅಕ್ಕ


ಮೇ ೧೭

ಅಕ್ಕಾ,

ನಿನ್ನ "ನಾಳೆ" ನನ್ನ ಕೈಗೆ ಸಿಗುವಷ್ಟರಲ್ಲಿ ಹಳೆಯದಾಗಿತ್ತು. ಬಂದರಿನ ಕಚೇರಿಯಿಂದ ಬೇಕರಿಗೆ ಫೋನು ಮಾಡಿದೆ. ಬನ್ನಮ್ಮ ಎತ್ತಿಕೊಂಡು, "ಅಕ್ಕ ನೆಟ್ಟಗಿದಾರೆ. ಮಿಕ್ಕಿದ್ದು ಅವರೇ ಬರೀತಾರಂತೆ, ನನ್ನ ಬಾಯಿಗೆ ಬೀಗ ಹಾಕಿದಾರೆ. ಬ್ರೆಡ್ಡು ಸೀದು ಹೋಗ್ತಿದೆ, ಇಡ್ಲಾ?" ಎಂದು ಇಟ್ಟೇ ಬಿಟ್ಟರು. ನೆಟ್ಟಗಿದಾರೆ ಎಂದರೆ ಏನು ತಿಳಿದುಕೊಳ್ಳಬೇಕು? ಏಣಿಯ ಮೇಲೆ ನೆಟ್ಟಗೋ, ಹಾಸಿಗೆಯ ಮೇಲೆ ನೆಟ್ಟಗೋ?

ಇವತ್ತಿನ ಸೂಪಿಗೆ ಉಪ್ಪು ಎರಡು ಸಲ ಬಿತ್ತು. ಯಾರೂ ಬೈಯಲಿಲ್ಲ. ಎಲ್ಲರಿಗೂ ವಿಷಯ ಗೊತ್ತು. ದೊಡ್ಡ ಅಧಿಕಾರಿ ಬಂದು ಖಾಲಿ ಬಟ್ಟಲು ಕೊಟ್ಟು, "ಮೊದಲೇ ಹೇಳಿದಾರಲ್ಲ, ಅದೇ ದೊಡ್ಡದು" ಎಂದು ಹೋದರು.

ಹೌದು. ಅದು ದೊಡ್ಡದು. ಆದರೂ ಬೇಗ ಬರಿ.

ತಮ್ಮ


ಮೇ ೧೯

ತಮ್ಮಾ,

ಹತ್ತಲಿಲ್ಲ.

ಇಲ್ಲ, ಅದು ಪೂರ್ತಿ ನಿಜವಲ್ಲ. ಹತ್ತಲು ಶುರು ಮಾಡಿದೆ. ಎಲ್ಲರೂ ಸುತ್ತ ನಿಂತಿದ್ದರು. ಬನ್ನಮ್ಮ ಅಂಗಡಿಗೆ ಬಾಗಿಲು ಹಾಕಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಬಡಗಿಯಣ್ಣ ಏಣಿ ಹಿಡಿದಿದ್ದರು. ಕೆಲವು ಮೆಟ್ಟಿಲು ಸರಾಗವಾಗಿ ಹೋಯಿತು, ನನಗೇ ಸಂತೋಷವಾಯಿತು. ಆಮೇಲೆ ಬಲಗೈಯನ್ನು ತಲೆಗಿಂತ ಮೇಲೆ ಚಾಚಿ ಹಿಡಿಯಬೇಕಾಗಿ ಬಂತು. ಹಿಡಿದೆ. ಎಡಪಾದ ಮುಂದಿನ ಮೆಟ್ಟಿಲನ್ನು ಹುಡುಕಿತು, ಸಿಕ್ಕಿತೋ ಇಲ್ಲವೋ ಪಾದಕ್ಕೆ ಗೊತ್ತಾಗಲಿಲ್ಲ. ಕೆಳಗೆ ನೋಡಿಯೇ ತಿಳಿಯಬೇಕಾಯಿತು. ನೋಡಿದರೆ ಬಡಗಿಯಣ್ಣನ ಮುಖ ಕಂಡಿತು. ಅವರು ಉಸಿರು ಬಿಡುತ್ತಿರಲಿಲ್ಲ.

ಅಮ್ಮನ ಏಣಿಯ ಕೆಳಗೆ ನನ್ನ ಮುಖ ಹಾಗೇ ಇದ್ದಿರಬೇಕು. ನೀನು ಬರೆಯದಿದ್ದರೆ ನನಗೆ ಅದು ನೆನಪಾಗುತ್ತಿರಲಿಲ್ಲ, ಪಾಪಿ.

ಅಲ್ಲೇ ನಿಂತುಕೊಂಡು, "ಬಡಗಿಯಣ್ಣ, ನನ್ನ ಕೈಲಿ ಆಗಲ್ಲ. ನೀವು ಹತ್ತಿ" ಎಂದೆ. ದನಿ ಇಡೀ ನಾಟಕಶಾಲೆಗೆ ಕೇಳಿಸಿತು. ಖಾಲಿ ನಾಟಕಶಾಲೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಮ್ಯಾನೇಜರು ಏನಾದರೂ ಹೇಳುತ್ತಾರೆಂದು ಕಾದೆ. ಅವರು, "ಹಾಗಾದ್ರೆ ಸರಿಯಾಗಿದೆಯಾ ಅಂತ ಎದುರಿನಿಂದ ನೋಡಿ ಹೇಳೋರು ಬೇಕಲ್ಲಮ್ಮ, ಅಲ್ಲಿ ಹೋಗಿ ನಿಲ್ಲಿ" ಎಂದರು. ಅಷ್ಟೇ. ನಾನು ಎಷ್ಟು ತಿಂಗಳಿಂದ ಹೆದರಿದ್ದ ಮಾತು ಅವರ ಬಾಯಿಂದ ಬರಲೇ ಇಲ್ಲ.

ಕುರ್ಚಿಗಳ ಬೆನ್ನು ಹಿಡಿದುಕೊಂಡು ಹಿಂದೆ ಹಿಂದೆ ನಡೆದು ನಡುವಿನ ಸಾಲಿಗೆ ಹೋದೆ. ಬಡಗಿಯಣ್ಣ ಮೇಲಿನಿಂದ ಕೇಳುತ್ತಾರೆ, ನಾನು ಕೆಳಗಿನಿಂದ ಕೂಗುತ್ತೇನೆ. ಅವರ ಗಂಟು ನನ್ನ ಗಂಟಿನಷ್ಟು ಚೆನ್ನಾಗಿಲ್ಲ. ಹೇಳಿದೆ ಕೂಡ. ಎಲ್ಲ ಕಟ್ಟಿ ಇಳಿಬಿಟ್ಟ ಮೇಲೆ ನೋಡಿದರೆ ಪರದೆ ಎಡಕ್ಕೆ ಸೊಟ್ಟ! "ಎಡಗಡೆ ಎತ್ತಿ, ಎತ್ತಿ" ಎಂದೆ. ಅವರು ಒಂದು ದಾರಕ್ಕೆ ಗುಂಡು ಕಟ್ಟಿ ಮೇಲಿನಿಂದ ಬಿಟ್ಟರು. ಪರದೆಯ ಹೊಲಿಗೆ ದಾರದ ಪಕ್ಕಕ್ಕೆ ಕೂದಲೆಳೆಯಷ್ಟೂ ತಪ್ಪದೆ ನಿಂತಿತ್ತು. ಸೊಟ್ಟ ನಿಂತವಳು ನಾನು. ಹಿಂದಿನ ಸಾಲಿನ ಕುರ್ಚಿಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತು ಮತ್ತೆ ನೋಡಿದೆ. ಸರಿಯಾಗಿಯೇ ಇತ್ತು. ಬನ್ನಮ್ಮ ಬಿದ್ದು ಬಿದ್ದು ನಕ್ಕರು, ನನಗೂ ತಡೆಯಲಾಗಲಿಲ್ಲ.

ನನ್ನ ಕೋಟಿನ ಸೀಸವೆಲ್ಲ ಈಗ ಆ ಪರದೆಯ ಅಂಚಿನಲ್ಲಿದೆ. ಬಿಲ್ಲೆ ಸಾಲದೆ ಬಂದಿತ್ತು, ಅಸ್ತರಿ ಬಿಚ್ಚಿ ತೆಗೆದು ಹಾಕಿದೆ. ಅವು ಇರಬೇಕಾದ ಜಾಗ ಅದೇ.

ದೀಪ ಹಾಕಿ ಪರದೆ ತೆರೆದು ಮುಚ್ಚಿ ನೋಡಿದರು. ಇಷ್ಟು ವರ್ಷ ನಾನು ಪರದೆ ಏರಿಸುವಾಗ ಏಣಿಯ ಮೇಲೆ ಇರುತ್ತಿದ್ದೆ, ಇಲ್ಲವೇ ಹಿಂದೆ ಹಗ್ಗದ ಹತ್ತಿರ. ಹೊಸ ಪರದೆ ಮೊದಲ ಸಲ ಮುಚ್ಚುವುದನ್ನು ಎದುರಿನಲ್ಲಿ ನಿಂತು ನಾನು ನೋಡಿಯೇ ಇರಲಿಲ್ಲ. ಅಮ್ಮನೂ ನೋಡಿರಲಿಲ್ಲ. ಎರಡು ಬದಿಯಿಂದ ಬಂದು ನಡುವೆ ಕೂಡಿ, ಸ್ವಲ್ಪ ತೂಗಿ, ನಿಂತಿತು. ಬಹಳ ಚೆನ್ನಾಗಿತ್ತು ತಮ್ಮಾ. ನಾನು ಹೊಲಿದದ್ದು ಎಂದು ಹೇಳುತ್ತಿಲ್ಲ.

ದುಃಖ ಇಲ್ಲ ಎಂದರೆ ಸುಳ್ಳಾಗುತ್ತದೆ. ಮನೆಗೆ ಬಂದು ಏಣಿಗೆ ಹಾಕುವ ಹಳೆಯ ಚಪ್ಪಲಿಯನ್ನು ಮೇಜಿನ ಕೆಳಗಿನಿಂದ ತೆಗೆದು ಕಾಗದದಲ್ಲಿ ಸುತ್ತಿಟ್ಟೆ. ಎಸೆಯಲಿಲ್ಲ.

ಇನ್ನು ನಿನ್ನ ಬರವಿನ ವಿಷಯ. ಹಡಗಿನಿಂದ ಇಳಿದರೆ ನಿನಗೆ ನೆಲ ತೂಗುತ್ತದೆ. ಗೋಡೆ ಹಿಡಿದುಕೊಂಡು ಬರುವುದು, ಪೊಲೀಸಿನವರಿಗೆ ಬಾಯಿ ತೋರಿಸುವುದು ಈ ಸಲ ಬೇಡ. ನಾನು ಬಂದರಿಗೆ ಬರುತ್ತೇನೆ. ಅಲ್ಲಿಯ ಕಲ್ಲುಹಾಸು ಉಬ್ಬುತಗ್ಗು, ಮನೆಗೆ ಬರುವ ದಾರಿ ಇಳಿಜಾರು, ನನಗೆ ಒಬ್ಬಳಿಗೆ ಕಷ್ಟ. ನಾನು ನಿನ್ನ ಬಲಗಡೆಗೆ ಬರುತ್ತೇನೆ, ಆಗ ನನ್ನ ಎಡಗೈ ನಿನ್ನ ಕಡೆಗಿರುತ್ತದೆ. ನಾನು ನಿನ್ನ ಕೈ ಹಿಡಿದುಕೊಳ್ಳುತ್ತೇನೆ. ನೀನು ಅದಕ್ಕೆ ಏನೂ ಮಾತಾಡಬಾರದು. ನಕ್ಕರೆ ಅಲ್ಲೇ ಬಿಟ್ಟು ಬರುತ್ತೇನೆ.

ಅಕ್ಕ


ಮೇ ೨೮

ಅಕ್ಕಾ,

ನಗುವುದಿಲ್ಲ.

ಪೆಟ್ಟಿಗೆಯನ್ನು ಎಡಗೈಯಲ್ಲಿ ಹಿಡಿದು ಇಳಿಯುತ್ತೇನೆ. ಬಲಗೈ ಖಾಲಿ ಇರುತ್ತದೆ.

ತಮ್ಮ